ಬೆಳಗುವ ಔಷಧಿಗಿಂತ ಮೊದಲು ಆಪರೇಷನ್ ಥಿಯೇಟರ್‌ಗೆ ಸ್ಕ್ಯಾನಿಂಗ್ ಮೆಷಿನ್ ಬರಲಿ

ಸಂಪಾದಕರಿಗೆ,

ಸ್ತನದ ಗಡ್ಡೆ ತೆಗೆದ ಮೇಲೂ ಉಳಿದ ಕ್ಯಾನ್ಸರ್ ಚೂರನ್ನು ಬೆಳಗಿಸಿ ತೋರಿಸುವ ಔಷಧಿ ಶಿವಮೊಗ್ಗಕ್ಕೆ ಯಾವಾಗ ಬರುತ್ತದೆ ಎಂದು ಕೇಳುವವರಿದ್ದಾರೆ. ಪೆಗುಲಿಸಿಯಾನಿನ್ ಎಂಬ ಈ ಔಷಧಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರಲ್ಲಿ ಒಪ್ಪಿಗೆ ಕೊಟ್ಟಿದ್ದು ನಿಜ. ಇಂಜೆಕ್ಷನ್ ಕೊಟ್ಟು, 2ರಿಂದ 6 ಗಂಟೆಯ ನಂತರ ಗಡ್ಡೆ ತೆಗೆದ ಗಾಯದೊಳಗೆ ಕ್ಯಾಮೆರಾ ಇಟ್ಟು ನೋಡುತ್ತಾರೆ. 357 ಮಹಿಳೆಯರ ಪ್ರಯೋಗದಲ್ಲಿ, ಉಳಿದಿದ್ದ ಕ್ಯಾನ್ಸರ್ ಇದರಿಂದ ಸಿಕ್ಕಿದ್ದು ಶೇ 7.6ರಷ್ಟು ಮಂದಿಯಲ್ಲಿ. ತೀವ್ರ ಅಲರ್ಜಿಯ ಭಯವೂ ಇದೆ.

ಆ ಔಷಧಿ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. 2013ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಪ್ರಯೋಗದಲ್ಲಿ, ಬರೀ ಕೈಯಂದಾಜಿನಲ್ಲಿ ಕೊಯ್ದಾಗ ಶೇ 17ರಷ್ಟು ಮಂದಿಯಲ್ಲಿ ತೆಗೆದ ಗಡ್ಡೆಯ ಅಂಚಿಗೆ ಕ್ಯಾನ್ಸರ್ ತಾಗಿತ್ತು, ಅಂದರೆ ಒಳಗೂ ಉಳಿದಿರಬಹುದು; ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತ ಕೊಯ್ದಾಗ ಶೇ 3. ಥೈರಾಯ್ಡ್ ನೋಡುವ ಪ್ರೋಬ್ (ಮೈಗೆ ತಾಗಿಸುವ ಸ್ಕ್ಯಾನಿಂಗ್ ಹಿಡಿಕೆ) ಸಾಕು. ಒಳಗೆ ಜೆಲ್ ಹಾಕಿದ ಸ್ಟೆರೈಲ್ ಕವರ್ ತೊಡಿಸಿ, ಮೊದಲು ಚರ್ಮದ ಮೇಲಿಂದ, ಆಮೇಲೆ ಗಾಯದೊಳಗಿಂದ ನೋಡಬೇಕು. ಗಾಯದಲ್ಲಿ ಗಾಳಿ ನಿಂತರೆ ಚಿತ್ರ ಕೆಡುತ್ತದೆ, ಅಲ್ಲಿಗೆ ಸಲೈನ್ ತುಂಬಿ. ತೆಗೆದ ಗಡ್ಡೆಯನ್ನೂ ಸಲೈನ್ ಬಟ್ಟಲಲ್ಲಿಟ್ಟು ಸುತ್ತ ಅಂಚು ಅಳೆಯಿರಿ. ಸುಣ್ಣದ ಕಣಗಳಷ್ಟೇ ಇರುವ ಆರಂಭಿಕ ಕ್ಯಾನ್ಸರ್ ಮಾತ್ರ ಅಲ್ಟ್ರಾಸೌಂಡ್‌ನ ಕಣ್ಣು ತಪ್ಪಿಸುತ್ತದೆ. ಅಂಥ ಗಡ್ಡೆಯನ್ನು ಹೊಲಿಗೆ ಹಾಕುವ ಮೊದಲೇ ಮ್ಯಾಮೊಗ್ರಫಿ ಮೆಷಿನ್‌ನಲ್ಲಿಟ್ಟು ಎಕ್ಸ್‌ರೇ ತೆಗೆಯಬೇಕು.

ಇನ್ನು ತೆಗೆದ ಗಡ್ಡೆಗೆ ದಿಕ್ಕಿನ ಗುರುತಾಗಿ ಹೊಲಿಯುವ ದಾರದ ವಿಷಯ. ಇದಕ್ಕೆ ಖರ್ಚೇ ಇಲ್ಲ, ಆದರೂ ತಪ್ಪುವುದು ಇಲ್ಲೇ. ಮೇಲಂಚಿಗೆ ಗಿಡ್ಡ ದಾರ, ತೋಳಿನ ಕಡೆಯ ಅಂಚಿಗೆ ಉದ್ದ ದಾರ. ಕೊಬ್ಬಿನ ಮುದ್ದೆ ಟ್ರೇ ಮೇಲೆ ಹಾಕಿದೊಡನೆ ಚಪ್ಪಟೆಯಾಗಿ ಹರಡುತ್ತದೆ. ದಾರವಿಲ್ಲದಿದ್ದರೆ ಯಾವ ಅಂಚು ಎತ್ತಲಿನದೆಂದು ಗಡ್ಡೆ ಪರೀಕ್ಷಿಸುವ ಪೆಥಾಲಜಿಯವರಿಗೆ ತಿಳಿಯುವುದಿಲ್ಲ. ಸಣ್ಣ ಬಾಯಿಯ ಬಾಟಲಿಗೆ ತುರುಕಿದರಂತೂ ಅಂಚೇ ಹರಿಯುತ್ತದೆ. ಅಗಲ ಬಾಯಿಯ ಡಬ್ಬಿ, ಗಡ್ಡೆಯ ಹತ್ತು ಪಟ್ಟು ಫಾರ್ಮಲಿನ್ (ಕೆಡದಂತೆ ಇಡುವ ದ್ರಾವಣ), ಅದೂ ತೆಗೆದ ಒಂದು ಗಂಟೆಯೊಳಗೆ.

ಅಂಚಿನಲ್ಲಿ ಕ್ಯಾನ್ಸರ್ ಉಳಿದರೆ ಮತ್ತೆ ಆಪರೇಷನ್, ರೇಡಿಯೇಷನ್ ಇನ್ನಷ್ಟು ತಡ. ಹೊಸನಗರ, ತೀರ್ಥಹಳ್ಳಿ ಕಡೆಯವರನ್ನು ಅಡಿಕೆ ಕೊಯ್ಲಿನ ಹೊತ್ತಲ್ಲಿ ಎರಡನೇ ಸಲ ಕರೆದರೆ ‘ಕೊಯ್ಲು ಮುಗೀಲಿ ಡಾಕ್ಟ್ರೇ’ ಅನ್ನುವವರಿಗೇನೂ ಕಡಿಮೆಯಿಲ್ಲ.

ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ ಇರುವುದರಿಂದ ಅಲ್ಟ್ರಾಸೌಂಡ್ ಮೆಷಿನ್ ಅಲುಗಾಡಿಸುವಂತಿಲ್ಲ ಎಂಬ ನೆಪ ಬೇಡ. ನೋಂದಣಿಯಾದ ಆಸ್ಪತ್ರೆಯ ಆವರಣದೊಳಗೆ ಒಳರೋಗಿಗಳಿಗೆ ಪೋರ್ಟಬಲ್ ಮೆಷಿನ್ ಬಳಸಲು ನಿಯಮದಲ್ಲೇ ಅವಕಾಶವಿದೆ.

– ಇಬ್ಬರು ಶಸ್ತ್ರವೈದ್ಯರು, ಶಿವಮೊಗ್ಗ