ಮರುಭೂಮಿಯ ಶಿಬಿರದಲ್ಲಿ ಒಂದೇ ಗುಡ್ಡದ ಮುಂದೆ ನಿಲ್ಲಲು ಬಿಡಿ

ಮಾನ್ಯ ಸಂಪಾದಕರೇ,

ಕಾಲೇಜುಗಳ ಭೂವಿಜ್ಞಾನ ವಿಭಾಗಗಳು ಚಳಿಗಾಲದಲ್ಲಿ ಮರುಭೂಮಿಯಲ್ಲಿ ನಡೆಸುವ ಕ್ಷೇತ್ರ ಶಿಬಿರವೊಂದನ್ನು ಈಚೆಗಷ್ಟೇ ಮುಗಿಸಿ ಬಂದ ವಿದ್ಯಾರ್ಥಿನಿ ನಾನು. ಇಂಥ ಶಿಬಿರಗಳ ವೇಳಾಪಟ್ಟಿ ಸಿದ್ಧಪಡಿಸುವ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿಯಿದೆ. ತೋರಿಸುವ ಸ್ಥಳಗಳ ಸಂಖ್ಯೆಯನ್ನು ಇಳಿಸಿ, ಒಂದೇ ಸಣ್ಣ ಪ್ರದೇಶದ ನಕ್ಷೆಯನ್ನು ವಿದ್ಯಾರ್ಥಿಗಳೇ ನಡೆದು ರಚಿಸಲು ಹೆಚ್ಚು ದಿನಗಳನ್ನು ಮೀಸಲಿಡಬೇಕು.

ನಮ್ಮ ಶಿಬಿರದ ಮೊದಲರ್ಧ ಬಸ್ಸಿನಲ್ಲೇ ಕಳೆಯಿತು. ದಿನಕ್ಕೆ ಆರೇಳು ಕಡೆ ಇಳಿದು, ವಿವರಣೆ ಕೇಳಿ, ಚಿತ್ರ ತೆಗೆದು, ಕಲ್ಲಿನ ಚೂರೊಂದನ್ನು ಚೀಲಕ್ಕೆ ಹಾಕಿಕೊಂಡು ಮುಂದೆ ಹೋಗುತ್ತಿದ್ದೆವು. ಮರಳುದಿಬ್ಬದ ಗಾಳಿಮರೆಯ ಇಳಿಜಾರು ಸುಮಾರು 34 ಡಿಗ್ರಿಗಿಂತ ಕಡಿದಾದರೆ ಒಣಮರಳು ಜಾರಿಬೀಳುತ್ತದೆಂದು ದಿಬ್ಬದ ಎದುರೇ ನಿಂತು ಬರೆದುಕೊಂಡೆ. ಆದರೆ ಕ್ಲೈನೋಮೀಟರ್ ಇಟ್ಟು ಆ ಇಳಿಜಾರನ್ನು ಅಳೆದು ನೋಡಲು ಸಮಯವಿರಲಿಲ್ಲ. ರಾತ್ರಿ ಚೀಲ ಬಿಚ್ಚಿದಾಗ ಯಾವ ಚೂರು ಯಾವ ಜಾಗದ್ದೆಂದು ನಮ್ಮಲ್ಲಿ ಹಲವರಿಗೆ ಹೇಳಲಾಗಲಿಲ್ಲ.

ಉಳಿದ ದಿನಗಳಲ್ಲಿ ಎರಡು ಚದರ ಕಿಲೋಮೀಟರಿನಷ್ಟು ನೆಲವನ್ನು ನಮ್ಮ ತಂಡಕ್ಕೆ ವಹಿಸಲಾಯಿತು. ಮಳೆ ಹೆಚ್ಚಿರುವ ನಾಡುಗಳಲ್ಲಿ ಬಂಡೆ ಕಾಣಿಸುವುದು ಹೆಚ್ಚಾಗಿ ರಸ್ತೆ ಕಡಿದ ಕಡೆ ಅಥವಾ ಹೊಳೆಯ ಪಾತ್ರದಲ್ಲಿ. ನಡುವಿನದ್ದೆಲ್ಲ ಮಣ್ಣು, ಗಿಡಮರಗಳ ಅಡಿಯಲ್ಲಿ ಅಡಗಿರುವುದರಿಂದ ಅಲ್ಲಿ ಊಹೆಯೇ ಗತಿ. ಮರುಭೂಮಿಯಲ್ಲಾದರೋ ಒಂದು ಶಿಲಾಸ್ತರವನ್ನು ಅದರ ಉದ್ದಕ್ಕೂ ಕಾಲ್ನಡಿಗೆಯಲ್ಲೇ ಹಿಂಬಾಲಿಸಬಹುದು. ಚಳಿಗಾಲದಲ್ಲಿ ಇಡೀ ಹಗಲು ನಡೆಯಲು ಸಾಧ್ಯವಿರುವುದಷ್ಟೇ ಅಲ್ಲ, ಸೂರ್ಯ ತಗ್ಗಿನಲ್ಲೇ ಸಾಗುವುದರಿಂದ ಓರೆ ಬೆಳಕಿನಲ್ಲಿ ಸಣ್ಣ ಏಣುಗಳೂ ನೆರಳಿನೊಂದಿಗೆ ಎದ್ದು ಕಾಣುತ್ತವೆ.

ಮೊದಲ ದಿನ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಹನಿಗೆ ನೊರೆಯುಕ್ಕಿಸಿದ ಸುಣ್ಣಕಲ್ಲಿನ ಪದರವೊಂದನ್ನು ಗುರುತಿಸಿ, ದೂರದ ಗುಡ್ಡದಲ್ಲೂ ಅದೇ ಬಣ್ಣ ಕಂಡದ್ದರಿಂದ, ಎರಡನ್ನೂ ಜೋಡಿಸಿ ನಕ್ಷೆಯ ಮೇಲೆ ನೇರವಾದ ಗೆರೆ ಎಳೆದುಬಿಟ್ಟೆ. ಮಾರನೆಯ ದಿನ ಆ ಗೆರೆಯ ಜಾಡಿನಲ್ಲೇ ನಡೆದಾಗ ಸುಣ್ಣಕಲ್ಲು ಅರ್ಧದಾರಿಯಲ್ಲೇ ಥಟ್ಟನೆ ನಿಂತುಹೋಯಿತು. ಅದರಾಚೆ ಇದ್ದದ್ದು ಮರಳುಗಲ್ಲು. ದೂರದ ಗುಡ್ಡದ ಕಲ್ಲಿಗೆ ಆಮ್ಲ ಹಾಕಿದರೆ ನೊರೆ ಬರಲಿಲ್ಲ, ಕೆರೆದು ಪುಡಿಮಾಡಿದ ಮೇಲಷ್ಟೇ ಮೆಲ್ಲಗೆ ಬಂತು. ಅದು ಸುಣ್ಣಕಲ್ಲನ್ನೇ ಹೋಲುವ ಡಾಲೊಮೈಟ್ ಎಂಬ ಬೇರೆ ಕಲ್ಲಾಗಿತ್ತು. ಪದರ ಕಡಿದುಹೋದ ಜಾಗಕ್ಕೆ ಮರಳಿ, ಅರ್ಧ ದಿನ ಅಲ್ಲೇ ಹುಡುಕಿದೆವು. ಚೂಪು ಚೂರುಗಳು ಮತ್ತೆ ಬೆಸೆದುಕೊಂಡಿದ್ದ ಕಲ್ಲಿನ ಪಟ್ಟಿಯೊಂದು ಸಿಕ್ಕಿತು, ಅದರ ಪಕ್ಕದಲ್ಲೇ ಬಂಡೆಗೆ ಬಂಡೆ ಉಜ್ಜಿ ನುಣುಪಾಗಿ, ಒಂದೇ ದಿಕ್ಕಿನಲ್ಲಿ ಗೀರು ಬಿದ್ದ ಮೈಯೂ ಸಿಕ್ಕಿತು. ಅದು ಸ್ತರಭಂಗವೆಂದು, ಅಂದರೆ ಬಂಡೆಗಳು ಬಿರುಕುಬಿಟ್ಟು ಒಂದರ ಪಕ್ಕ ಇನ್ನೊಂದು ಸರಿದ ಜಾಗವೆಂದು, ಯಾರೂ ಹೇಳಿಕೊಡಬೇಕಾಗಲಿಲ್ಲ. ಸ್ತರಭಂಗದ ವ್ಯಾಖ್ಯೆಯನ್ನು ನಾನು ಪರೀಕ್ಷೆಯಲ್ಲಿ ಎರಡು ಬಾರಿ ಬರೆದಿದ್ದೆ. ಅದೇನೆಂದು ತಿಳಿದದ್ದು ನನ್ನ ಗೆರೆಯನ್ನು ನಾನೇ ಅಳಿಸಿದಾಗ. ನಮ್ಮ ಮಾರ್ಗದರ್ಶಕರು ಮೊದಲ ದಿನವೇ ಆ ತಪ್ಪನ್ನು ತಿದ್ದದೆ ಸುಮ್ಮನಿದ್ದುದಕ್ಕೆ ನಾನು ಕೃತಜ್ಞಳಾಗಿದ್ದೇನೆ.

ಇಂಗ್ಲೆಂಡ್ ಮತ್ತು ವೇಲ್ಸ್‌ನ ಹೆಸರಾಂತ ಭೂವೈಜ್ಞಾನಿಕ ನಕ್ಷೆಯನ್ನು 1815ರಲ್ಲಿ ಪ್ರಕಟಿಸಿದ ವಿಲಿಯಂ ಸ್ಮಿತ್ ಕಾಲುವೆಗಳ ಮೋಜಣಿ ಮಾಡುತ್ತಿದ್ದವರು. ಸಾಮರ್ಸೆಟ್‌ನ ಗಣಿಗಳಲ್ಲಿ, ಕಾಲುವೆಗೆ ಅಗೆದ ನೆಲದಲ್ಲಿ ವರ್ಷಗಟ್ಟಲೆ ಕೆಲಸಮಾಡಿದ್ದರಿಂದಲೇ ಶಿಲಾಸ್ತರಗಳು ಒಂದು ನಿಶ್ಚಿತ ಕ್ರಮದಲ್ಲಿ ಬರುತ್ತವೆಂಬುದನ್ನೂ ಪ್ರತಿ ಪದರಕ್ಕೆ ಅದರದೇ ಪಳೆಯುಳಿಕೆಗಳಿವೆಯೆಂಬುದನ್ನೂ ಅವರು ಕಂಡುಕೊಂಡರು. ದೇಶವನ್ನೆಲ್ಲ ಸುತ್ತಿದ್ದು ಆಮೇಲೆ.

ಸುರಕ್ಷತೆಯ ಬಗ್ಗೆಯೂ ಹೇಳಲೇಬೇಕಾದದ್ದಿದೆ. ಮೋಡವಿಲ್ಲದ ಒಣಗಾಳಿಯಲ್ಲಿ ನೆಲದ ಬಿಸಿ ಬೇಗನೆ ಹಾರಿಹೋಗುವುದರಿಂದ ಮರುಭೂಮಿಯ ಚಳಿಗಾಲದ ರಾತ್ರಿಗಳು ಹೆಪ್ಪುಗಟ್ಟಿಸುವಷ್ಟು ತಣ್ಣಗಿರಬಲ್ಲವು. ನಮ್ಮಲ್ಲಿ ಕೆಲವರು ತೆಳುವಾದ ಹೊದಿಕೆ ತಂದು ಎರಡು ರಾತ್ರಿ ನಿದ್ದೆಯಿಲ್ಲದೆ ಕಳೆದರು. ತಂಪಿನಲ್ಲಿ ಬಾಯಾರಿಕೆ ಗೊತ್ತಾಗದಿದ್ದರೂ ಒಣಗಾಳಿ ಮೈಯ ನೀರನ್ನು ಎಳೆಯುತ್ತಲೇ ಇರುತ್ತದೆ. ದೂರದಲ್ಲೆಲ್ಲೋ ಸುರಿದ ಮಳೆಯೂ ಪ್ರವಾಹ ತರಬಲ್ಲದಾದ್ದರಿಂದ ಒಣಗಿದ ಹಳ್ಳದ ಪಾತ್ರದಲ್ಲಿ ಡೇರೆ ಹಾಕಬಾರದು. ಇವನ್ನು ಹೊರಡುವ ಹಿಂದಿನ ದಿನವಲ್ಲ, ಹಲವು ವಾರ ಮೊದಲೇ ತಿಳಿಸಬೇಕು. ರಜೆಯಲ್ಲಿ ದುಡಿದು ಓದುವವರೂ ನಮ್ಮ ನಡುವೆ ಇರುವುದರಿಂದ ಶಿಬಿರದ ದಿನಾಂಕ ಮತ್ತು ಖರ್ಚಿನ ವಿವರಗಳೂ ಆಗಲೇ ಸಿಗುವಂತಾಗಲಿ.

ಅಂಕಗಳನ್ನು ಕೊನೆಯ ದಿನ ಕಲ್ಲಿನ ಹೆಸರು ಹೇಳಿಸಿ ಕೊಡುವುದಕ್ಕಿಂತ ಕ್ಷೇತ್ರ ಟಿಪ್ಪಣಿ ಪುಸ್ತಕವನ್ನು ನೋಡಿ ಕೊಡುವುದು ಒಳಿತು. ಅದರಲ್ಲಿ ಹೊಡೆದುಹಾಕಿದ ಗೆರೆಗಳಿಗೂ, ಅವನ್ನು ಏಕೆ ಹೊಡೆದುಹಾಕಿದೆವೆಂಬ ಬರಹಕ್ಕೂ ಅಂಕವಿರಲಿ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಭೂವಿಜ್ಞಾನ ವಿದ್ಯಾರ್ಥಿನಿ