ಮನೆಯನ್ನು ಬರೀ ನೋಡಬೇಡ

ಪ್ರೀತಿಯ ತಂಗಿ,

ಉಡುಪಿ ಕಡೆಯ ಗುತ್ತಿನ ಮನೆಯ, ಅಂದರೆ ಜಮೀನ್ದಾರರ ಹಳೆಯ ದೊಡ್ಡ ಮನೆಯ ಬಗ್ಗೆ ನೀನು ಬರೆದ ಪ್ರಬಂಧ ಓದಿದೆ. ಕಂಬದ ಕೆತ್ತನೆ, ಹಿತ್ತಾಳೆಯ ಚಿಲಕ, ಅಂಗಳದ ತುಳಸಿಕಟ್ಟೆ ಎಲ್ಲ ಚೆನ್ನಾಗಿ ಕಾಣುತ್ತವೆ. ಕಾಣುತ್ತವೆ, ಅಷ್ಟೇ. ಯಾರೋ ಕಳಿಸಿದ ಫೋಟೋ ನೋಡಿ ಬರೆದರೂ ಇಷ್ಟು ಬರೆಯಬಹುದಿತ್ತು, ಅಲ್ವಾ?

ಹಾಗಂತ ಮುಂದಿನ ಕರಡಿನಲ್ಲಿ ಪ್ಯಾರಾಕ್ಕೊಂದು ವಾಸನೆ, ಪ್ಯಾರಾಕ್ಕೊಂದು ಸದ್ದು ತುಂಬಿಸಿ ಕಳಿಸಬೇಡ ಮಾರಾಯ್ತಿ. ಮಲ್ಲಿಗೆಯ ಘಮ, ಕಾಫಿಯ ಘಮ ಎಲ್ಲ ಯಾವ ಮನೆಗೆ ಬೇಕಾದರೂ ಹೊಂದುತ್ತವೆ. ಮೈಗೆ ಏನಾದರೂ ತಿಳಿಯಿತು ಅಂದರೆ ಅದಕ್ಕೆ ಆ ಕಟ್ಟಡದಲ್ಲೇ ಒಂದು ಕಾರಣ ಇರುತ್ತದೆ. ಕಲ್ಲೋ, ಮರವೋ, ಮಾಡಿನ, ಅಂದರೆ ಚಾವಣಿಯ, ಇಳಿಜಾರೋ. ಅದನ್ನು ಹುಡುಕು.

ಚಾವಡಿಯ ಕಾವಿ ನೆಲ (ಕೆಂಪು ಬಣ್ಣದ ಗಾರೆ ನೆಲ) ತಣ್ಣಗಿತ್ತು ಅಂತ ಒಂದೇ ಸಾಲು ಬರೆದು ಮುಂದೆ ಹೋಗಿದ್ದೀಯ. ಅಲ್ಲೇ ನಿಲ್ಲಬೇಕಿತ್ತು. ಬಿಸಿಲು ಬೀಳದ ಒಂದೇ ಕೋಣೆಯಲ್ಲಿ ನೆಲಕ್ಕೂ ಮರದ ಕಂಬಕ್ಕೂ ಥರ್ಮಾಮೀಟರ್ ಹಿಡಿದರೆ ಹೆಚ್ಚುಕಡಿಮೆ ಒಂದೇ ಅಂಕಿ ಬರುತ್ತದೆ. ನೆಲ ನಮ್ಮ ಪಾದದ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ಮರ ನಿಧಾನ. ಅದಕ್ಕೇ ಒಂದು ತಣ್ಣಗೆ, ಇನ್ನೊಂದು ಬೆಚ್ಚಗೆ ಅನ್ನಿಸುವುದು. ಏಪ್ರಿಲ್ ಮಧ್ಯಾಹ್ನ ಊಟ ಆದ ಮೇಲೆ ಅಜ್ಜಂದಿರು ಚಾಪೆ ಬಿಟ್ಟು ಬರೀ ನೆಲಕ್ಕೆ ಒರಗುತ್ತಾರೆ. ಜೋರು ಮಳೆಯ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅದೇ ನೆಲ ಕೊರೆಯುತ್ತದೆ, ಕೂರಲು ಮಣೆ ಬೇಕು. ಮಣೆಯನ್ನು ನೀನು ಹಳೆಯ ಸಾಮಾನಿನ ಪಟ್ಟಿಗೆ ಸೇರಿಸಿದ್ದೀಯ. ಅದರ ಮೇಲೆ ಕೂತು ನೋಡಿದ್ದರೆ ಅದು ಪಟ್ಟಿಯಲ್ಲಿ ಇರುತ್ತಿರಲಿಲ್ಲ.

ಕಣ್ಣು ಸೋಲುವ ಜಾಗಗಳಿಗೂ ಹೋಗಿ ಬಾ. ಉಡುಪಿಯ ರಥಬೀದಿಯ ಬಿಸಿಲಿನಿಂದ ಸೀದಾ ಕೃಷ್ಣಮಠದ ಒಳಗೆ ಹೋಗು. ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು 20-30 ನಿಮಿಷ ಬೇಕು. ಅಷ್ಟು ಹೊತ್ತು ಯಾರು ನಿಲ್ಲಲು ಬಿಡುತ್ತಾರೆ, ಹಿಂದಿನವರು ದೂಡುತ್ತಾರೆ. ಆ ಹೊತ್ತಿನಲ್ಲಿ ದಾರಿ ಹೇಳುವುದು ಕಾಲಡಿಯ ಕಲ್ಲು, ದೀಪದೆಣ್ಣೆಯ ವಾಸನೆ, ಗಂಟೆಯ ಸದ್ದು. ಗಂಡಸರು ಅಂಗಿ ಕಳಚಿ ಹೋಗುವ ಜಾಗ ಅದು. ಒಳಗಿನ ತೇವ, ಸೆಕೆ ಅವರ ಬೆನ್ನಿಗೆ ಗೊತ್ತು. ನಿನ್ನ ಅಣ್ಣನನ್ನು ಕೇಳು. ಕೊನೆಗೆ ಕೃಷ್ಣ ಕಾಣುವುದು ಬೆಳ್ಳಿ ಹೊದಿಸಿದ ಒಂಬತ್ತು ತೂತಿನ ಕಿಂಡಿಯಿಂದ. ಕತ್ತು ಬಗ್ಗಿಸಿ, ಓರೆ ಮಾಡಿ, ಸಿಕ್ಕಷ್ಟು ನೋಡಬೇಕು. ಯಾರು ಎಷ್ಟು ನೋಡಬೇಕು, ಹೇಗೆ ನಿಂತು ನೋಡಬೇಕು ಅನ್ನುವುದನ್ನು ಅಲ್ಲಿ ಗೋಡೆಯೇ ತೀರ್ಮಾನಿಸುತ್ತದೆ.

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಇದರ ಉಲ್ಟಾ. ಇಟಲಿಯ ಆಂಟೋನಿಯೊ ಮೊಸ್ಕೇನಿ ಗೋಡೆ, ಚಾವಣಿ ಯಾವುದನ್ನೂ ಬಿಡದೆ ಚಿತ್ರ ಬಿಡಿಸಿದ್ದಾರೆ. ಹಾಗಾಗಿ ಅಲ್ಲಿ ಎಲ್ಲರೂ ಕಣ್ಣಾಗಿಬಿಡುತ್ತಾರೆ. ನೀನು ಕಿವಿಯನ್ನೂ ಕರೆದುಕೊಂಡು ಹೋಗು. ಜನ ಇಲ್ಲದಾಗ ನಿನ್ನ ಹೆಜ್ಜೆ ಕೇಳಿಸಿಕೋ, ಪೂಜೆಗೆ ಜನ ತುಂಬಿದಾಗ ಮತ್ತೊಮ್ಮೆ ಕೇಳು. ಜನರ ಮೈ, ಬಟ್ಟೆ ಸದ್ದನ್ನು ಹೀರುತ್ತವೆ. ಇದನ್ನು ಲೆಕ್ಕಕ್ಕೆ ಇಳಿಸಿದವರು ಅಮೆರಿಕದ ಭೌತವಿಜ್ಞಾನಿ ವಾಲೇಸ್ ಸಬೈನ್. 1895ರಲ್ಲಿ ಹಾರ್ವರ್ಡ್‌ನ ಒಂದು ಉಪನ್ಯಾಸ ಕೊಠಡಿಯಲ್ಲಿ ಸದ್ದು ಉಳಿದು ಉಳಿದು ಮೇಷ್ಟ್ರ ಮಾತೇ ತಿಳಿಯುತ್ತಿರಲಿಲ್ಲ. ಅದನ್ನು ಸರಿಮಾಡುವ ಕೆಲಸ ಇವರ ತಲೆಗೆ ಬಂತು. ರಾತ್ರಿ ಹೊತ್ತು ಬೇರೊಂದು ಸಭಾಂಗಣದ ಸೀಟಿನ ಮೆತ್ತೆಗಳನ್ನು ಹೊತ್ತು ತಂದು ಹರಡುವುದು, ಆರ್ಗನ್ ಪೈಪ್ ನುಡಿಸುವುದು, ಸದ್ದು ಅಡಗಲು ಎಷ್ಟು ಸೆಕೆಂಡ್ ಬೇಕು ಅಂತ ಬರೆದುಕೊಳ್ಳುವುದು. ಕಟ್ಟಡದ ದನಿಯನ್ನು ಅಳೆಯುವ ವಿದ್ಯೆ ಶುರುವಾದದ್ದು ಹೀಗೆ ಮೆತ್ತೆ ಹೊತ್ತು.

ವಾಸನೆಯನ್ನು ಮಾತ್ರ ಹೊಸ್ತಿಲು ದಾಟಿದ ಕೂಡಲೇ ಬರೆದುಕೋ. ಕೆಲವೇ ನಿಮಿಷಕ್ಕೆ ಮೂಗಿಗೆ ಅದು ರೂಢಿಯಾಗಿಬಿಡುತ್ತದೆ. ರುಚಿಗೆ ಬಾವಿಯ ನೀರು ಕುಡಿದರೆ ಸಾಕು. ಕಟ್ಟಡದ ರುಚಿ ಅಂತ ಎಳೆದು ತರುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ.

ಇನ್ನು ಮಳೆ. 'ಅನಾದಿ ಕಾಲದಿಂದ ಹಂಚಿನ ಮೇಲೆ ಸುರಿವ ಮಳೆಯ ಹಾಡು' ಅಂತ ಬರೆದಿದ್ದೀಯ. ಅನಾದಿ ಅಲ್ಲ. ಸ್ವಿಟ್ಜರ್ಲೆಂಡ್ ಮೂಲದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ್ದು 1865ರಲ್ಲಿ. ಒಂದಕ್ಕೊಂದು ಕಚ್ಚಿಕೊಳ್ಳುವ ಮಂಗಳೂರು ಹಂಚು ಊರೂರಿಗೆ ಹೋದದ್ದು ಆಮೇಲೆ. ಅದಕ್ಕೂ ಮುಂಚೆ ಬಡವರ ಮನೆಗೆ ಮುಳಿಹುಲ್ಲಿನ ಮಾಡು. ಹುಲ್ಲು ಮಳೆಯ ಸದ್ದನ್ನು ನುಂಗುತ್ತದೆ, ಸೂರಿನಿಂದ ನೀರು ಇಳಿಯುವುದಷ್ಟೇ ಕೇಳುವುದು. ಅಂದರೆ ನಾವು ಮುತ್ತಜ್ಜಿಯ ಕಾಲದ್ದು ಅಂದುಕೊಂಡ ಸದ್ದು ಎಷ್ಟೋ ಮನೆಗಳಿಗೆ ಕಾರ್ಖಾನೆಯಿಂದ ಬಂದದ್ದು. ತಾರಸಿ ಬಂದ ಮೇಲೆ ಮತ್ತೆ ಸುಮ್ನಾಯಿತು, ಮಳೆ ಬಂದದ್ದು ತಿಳಿಯಲು ಕಿಟಕಿಗೆ ಹೋಗಬೇಕಾಯಿತು. ಈಗ ಸೋರುತ್ತದೆ ಅಂತ ತಾರಸಿಯ ಮೇಲೆ ಶೀಟು ಹಾಕಿಸುತ್ತಾರೆ. ಜುಲೈಯಲ್ಲಿ ಮೇಲಿನ ಕೋಣೆಯಲ್ಲಿ ಫೋನ್ ಮಾತೂ ಕೇಳುವುದಿಲ್ಲ. ನಿನ್ನ ಪ್ರಬಂಧದಲ್ಲಿ ಇದಕ್ಕೆಲ್ಲ ಜಾಗ ಇದೆ. 'ಹಾಡು' ಅನ್ನುವುದನ್ನು ತೆಗೆದರೆ ಇನ್ನೂ ಸ್ವಲ್ಪ ಜಾಗ ಸಿಗುತ್ತದೆ.

ಮಳೆಗಾಲಕ್ಕೆ ಮುಂಚೆ ಆ ಮನೆಯ ಮಾಡಿನ ಹಂಚು ಸರಿಮಾಡಲು ಆಳುಗಳು ಬರುತ್ತಾರೆ. ಆ ದಿನ ಹೋಗು. ಹಂಚನ್ನು ಬೆರಳಿನಿಂದ ತಟ್ಟಿ ನೋಡಲು ಕೇಳು. ಚೆನ್ನಾಗಿ ಸುಟ್ಟ ಹಂಚು ಠಣ್ ಅನ್ನುತ್ತದೆ, ಬಿರುಕು ಬಿಟ್ಟದ್ದು ಮಂದವಾಗಿ ನುಡಿಯುತ್ತದೆ. ಹಂಚು ಹೊರುವ ಮರದ ಪಟ್ಟಿಗಳು, ಪಕ್ಕಾಸು, ರೀಪು, ಎಲ್ಲಿ ಮೆತ್ತಗಾಗಿದೆ ಅಂತ ಅವರ ಕಾಲಿಗೆ ಹೇಗೆ ತಿಳಿಯುತ್ತದೆ ಅಂತಲೂ ಕೇಳು. ಅವರು ಕೆಲಸದಲ್ಲಿರುವಾಗ ಬೇಡ, ಚಹಾ ಕುಡಿಯಲು ಕೆಳಗೆ ಇಳಿದಾಗ ಮಾತಾಡಿಸು. ಕರಡು ಜೂನ್ ಒಳಗೆ ಕಳಿಸಿದರೆ ಸಾಕು.

ಇಂತಿ,
ನಿನ್ನ ಅಕ್ಕ
ಮಂಗಳೂರು