ಲಕ್ಷ್ಮೀದೇವಮ್ಮ ಅಂದರೆ ಐದೇ ಅಕ್ಷರ

ಹೋದ ಭಾನುವಾರ ರಾತ್ರಿ ನನ್ನ ಪುಟ್ಟ ಪ್ರಾಜೆಕ್ಟ್‌ನ ಜವಾಬ್ದಾರಿಯನ್ನು ಬೇರೆಯವರ ಕೈಗೆ ಕೊಟ್ಟೆ. ಕನ್ನಡ ಪದಗಳನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಕೊಡುವ, ಹೆಸರುಗಳನ್ನು ನಮ್ಮ ವರ್ಣಮಾಲೆಯ ಪ್ರಕಾರ ಜೋಡಿಸುವ ಒಂದು ಸಣ್ಣ ಲೈಬ್ರರಿ ಅದು, ಅಂದರೆ ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಕೋಡ್. ಓಪನ್ ಸೋರ್ಸ್. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು, ಹಂಚಬಹುದು. ಯಾರಾದರೂ ತಿದ್ದಿ ಕಳಿಸಿದರೆ ಅದನ್ನು ನೋಡಿ ಸೇರಿಸುವ ಕೆಲಸ 2014ರಿಂದ ನನ್ನದಾಗಿತ್ತು. ಇನ್ನು ಮುಂದೆ ನನ್ನದಲ್ಲ.

ಬಟನ್ ಒತ್ತಿ ಮುಗಿಸಿದ ಮೇಲೆ ಸುಮ್ನೆ ಕೂತಿದ್ದೆ. ಥ್ಯಾಂಕ್ಸ್ ಹೇಳದೆ ಎದ್ದು ಹೋಗುವುದು ಸರಿಯಲ್ಲ ಅನ್ನಿಸಿತು. ಯಾರಿಂದ ಶುರು ಮಾಡಲಿ ಅಂತ ಜಾಸ್ತಿ ಯೋಚಿಸಬೇಕಾಗಲಿಲ್ಲ. ಬಂಗಾರಪೇಟೆ ತಾಲೂಕಿನ ನಮ್ಮೂರಿನ ಹಾಲಿನ ಡೈರಿಯಿಂದಲೇ ಶುರು ಮಾಡಬೇಕು.

2008. ನಾನು ಆಗಷ್ಟೇ ಇಂಜಿನಿಯರಿಂಗ್ ಸೇರಿದ್ದೆ. ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಆ ಕಾಲದಲ್ಲಿ ಉಬುಂಟು ಅನ್ನುವ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಂನ ಸಿಡಿಯನ್ನು ಕೇಳಿದವರಿಗೆ ಪುಕ್ಕಟೆಯಾಗಿ ಅಂಚೆಯಲ್ಲಿ ಕಳಿಸುತ್ತಿದ್ದರು. 2011ರವರೆಗೂ ಹಾಗೆ ಕಳಿಸಿದರು. ಕ್ಲಾಸ್‌ಮೇಟ್ ಒಬ್ಬಳು ಹೇಳಿದಳು ಅಂತ ಕೋಲಾರದ ಒಂದು ಇಂಟರ್ನೆಟ್ ಸೆಂಟರಿನಲ್ಲಿ ಕೂತು ವಿಳಾಸ ತುಂಬಿಸಿ ಬಂದಿದ್ದೆ. ಬರುತ್ತೆ ಅನ್ನುವ ನಂಬಿಕೆ ಇರಲಿಲ್ಲ. ಕೆಲವು ವಾರ ಕಳೆದ ಮೇಲೆ ಒಂದು ಸಂಜೆ ಪೋಸ್ಟ್‌ಮ್ಯಾನ್ ಡೈರಿ ಹತ್ತಿರವೇ ಬಂದು, ಹಾಲಿನ ಕ್ಯಾನ್ ಹಿಡಿದು ನಿಂತಿದ್ದ ನನ್ನ ಕೈಗೆ ಒಂದು ಲಕೋಟೆ ಕೊಟ್ಟರು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಫಾರಿನ್ ಅಂಚೆ ಅಂದರೆ ನಮ್ಮೂರಿನಲ್ಲಿ ಸಣ್ಣ ವಿಷಯ ಅಲ್ಲ.

ಊರಿಗೆಲ್ಲ ಇದ್ದ ಒಂದೇ ಕಂಪ್ಯೂಟರ್ ಡೈರಿಯದು. ಹಾಲಿನ ತೂಕ, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಗಟ್ಟಿ ಅಂಶ) ಎಲ್ಲ ಅದರಲ್ಲೇ ದಾಖಲಾಗುತ್ತಿತ್ತು. ಅದರ ಮೇಲೆ ಊರಿನ ಬಟವಾಡೆ ನಿಂತಿತ್ತು. ಅದಕ್ಕೆ ಈ ಸಿಡಿ ಹಾಕಲಾ ಅಂತ ಸೆಕ್ರೆಟರಿ ಮಾವನನ್ನು ಕೇಳಿದೆ.

"ಹಾಕಿದರೆ ಲೆಕ್ಕ ಅಳಿಸಿ ಹೋಗಲ್ಲ ತಾನೇನಮ್ಮಾ?"

"ಇಲ್ಲ ಮಾವ. ಸಿಡಿಯಿಂದಲೇ ಓಡುತ್ತೆ. ತೆಗೆದು ಮತ್ತೆ ಆನ್ ಮಾಡಿದರೆ ಮೊದಲಿದ್ದ ಹಾಗೇ ಇರುತ್ತೆ."

ಅವರು ಬೇಡ ಅನ್ನಬಹುದಿತ್ತು. ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅವರು ನೋಟ್‌ಬುಕ್ ತೆಗೆದು ಆ ಸಂಜೆಯ ಲೆಕ್ಕವನ್ನೆಲ್ಲ ಕೈಯಲ್ಲಿ ಬರೆದುಕೊಂಡರು. ಒಂದೊಂದೇ ಹೆಸರು, ಒಂದೊಂದೇ ಲೀಟರು. ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಪೆನ್ನು ಮುಚ್ಚಿಟ್ಟು, "ಈಗ ಹಾಕಮ್ಮಾ" ಅಂದರು. ಬ್ಯಾಕಪ್ ಅಂದರೆ ಏನು ಅಂತ ನನಗೆ ಕಾಲೇಜಿನಲ್ಲಿ ಹೇಳಿಕೊಡುವ ಮೊದಲೇ ಅವರು ತೋರಿಸಿದ್ದರು. ಇವತ್ತಿಗೂ ದೊಡ್ಡ ಬದಲಾವಣೆ ಮಾಡುವ ಮುಂಚೆ ಪ್ರತಿ ತೆಗೆದಿಡದೆ ಕೈ ಹಾಕುವುದಿಲ್ಲ. ಮಾವ, ಆ ಮುಕ್ಕಾಲು ಗಂಟೆಯನ್ನು ನಾನು ಮರೆತಿಲ್ಲ.

ಆಮೇಲೆ ನಾಲ್ಕು ವರ್ಷ, ಸಂಜೆ ಹಾಲು ಹಾಕಿಸಿಕೊಳ್ಳುವುದು ಮುಗಿದ ಮೇಲೆ ಆ ಕಂಪ್ಯೂಟರ್ ನನ್ನದು. ಪ್ರೋಗ್ರಾಂ ಬರೆದವರು ಅದರ ಒಳಗನ್ನೂ ನಮಗೆ ತೋರಿಸುತ್ತಾರೆ, ಬೇಕಾದರೆ ಬದಲಾಯಿಸಿಕೋ ಅನ್ನುತ್ತಾರೆ ಅನ್ನುವುದು ಗೊತ್ತಾದ ದಿನ ನನಗೆ ನಿದ್ದೆ ಬರಲಿಲ್ಲ. ಕನ್ನಡದ ಭಾಷಾ ಪ್ಯಾಕ್ ಹಾಕಿಕೊಂಡಾಗ 'ಫೈಲ್' ಇದ್ದ ಜಾಗದಲ್ಲಿ 'ಕಡತ' ಅಂತ ಬಂತು. ಯಾರೋ ಕೂತು ಒಂದೊಂದೇ ಸಾಲನ್ನು ಕನ್ನಡ ಮಾಡಿದ್ದಾರೆ. ಸಂಬಳವಿಲ್ಲದೆ. ಸರ್ಕಾರಿ ಶಾಲೆಯಲ್ಲಿ ಕನ್ನಡ ಮೀಡಿಯಂ ಓದಿ ಬಂದವಳಿಗೆ, ಈ ಪೆಟ್ಟಿಗೆ ನನ್ನ ಮಾತನ್ನೂ ಆಡುತ್ತೆ ಅಂತ ಮೊದಲು ಅನ್ನಿಸಿದ್ದು ಆ ಒಂದು ಪದದಿಂದ. ಅನುವಾದ ಮಾಡಿದವರು ಯಾರೇ ಇರಲಿ, ನಿಮಗೆ ನಮಸ್ಕಾರ.

2012ರಲ್ಲಿ ವೈಟ್‌ಫೀಲ್ಡಿನಲ್ಲಿ ಕೆಲಸ ಸಿಕ್ಕಿತು. ದಿನವೂ ಬಂಗಾರಪೇಟೆಯಿಂದ ರೈಲು. ಟೇಕಲ್, ಮಾಲೂರು, ದೇವನಗೊಂದಿ, ವೈಟ್‌ಫೀಲ್ಡ್. ಲೇಡೀಸ್ ಬೋಗಿಯಲ್ಲಿ ಗಾರ್ಮೆಂಟ್ಸ್ ಕೆಲಸದವರು, ನರ್ಸುಗಳು, ಹೂವಿನ ಗಂಟು ಹೊತ್ತು ತರುವವರು. ನಾನು ಲ್ಯಾಪ್‌ಟಾಪ್ ತೆಗೆದರೆ ಸಾಕು, "ಪಾಪ ಓದ್ಕೊಳ್ತಾಳೆ, ಜಾಗ ಬಿಡ್ರೇ" ಅನ್ನುತ್ತಿದ್ದರು. ಕಿಟಕಿ ಪಕ್ಕ ಕರ್ಚೀಫ್ ಹಾಕಿ ಸೀಟು ಹಿಡಿದಿರುತ್ತಿದ್ದರು. ನನ್ನ ಪ್ರಾಜೆಕ್ಟ್‌ನ ಅರ್ಧದಷ್ಟು ಕೋಡ್ ಆ ಬೋಗಿಯಲ್ಲೇ ಬರೆದದ್ದು. ಅಕ್ಕಂದಿರೇ, ನಾನು ಏನು ಮಾಡುತ್ತಿದ್ದೆ ಅಂತ ನೀವು ಒಮ್ಮೆಯೂ ಕೇಳಲಿಲ್ಲ. ಜಾಗ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಆಫೀಸಿನಲ್ಲಿ ಮೀಟಿಂಗ್ ಅಂದರೆ ನನಗೆ ಗಂಟಲು ಕಟ್ಟುತ್ತಿತ್ತು. ಗೊತ್ತಿದ್ದರೂ ಇಂಗ್ಲಿಷ್ ಬಾಯಿಗೆ ಬರುತ್ತಿರಲಿಲ್ಲ. ಅಂಥ ದಿನಗಳಲ್ಲೇ ನಾನು ಬಳಸುತ್ತಿದ್ದ ಒಂದು ಓಪನ್ ಸೋರ್ಸ್ ಲೈಬ್ರರಿಯಲ್ಲಿ ತಪ್ಪು ಕಂಡಿತು. ತಿದ್ದಿ ಕಳಿಸಿದೆ. ಅದನ್ನು ನೋಡಿಕೊಳ್ಳುತ್ತಿದ್ದವರು ನನ್ನ ತಿದ್ದುಪಡಿಯನ್ನು ತೆಗೆದುಕೊಳ್ಳಲಿಲ್ಲ. ಆದರೆ ಯಾಕೆ ತೆಗೆದುಕೊಳ್ಳಲಿಲ್ಲ ಅಂತ ನಾಲ್ಕು ಪ್ಯಾರಾ ಬರೆದಿದ್ದರು. ಯಾವ ಸಾಲಿನಲ್ಲಿ ಎಡವಿದ್ದೀನಿ, ಇನ್ನೂ ಎಲ್ಲಿ ನೋಡಬೇಕು, ಟೆಸ್ಟ್ ಹೇಗೆ ಬರೆಯಬೇಕು, ಎಲ್ಲ. ಮೂರನೇ ಸಲಕ್ಕೆ ಸೇರಿಸಿಕೊಂಡರು. ಅವರು ನನ್ನ ಊರು ಕೇಳಲಿಲ್ಲ, ಕಾಲೇಜು ಕೇಳಲಿಲ್ಲ. ನನ್ನ ಇಂಗ್ಲಿಷಿನ ಬಗ್ಗೆ ಒಂದಕ್ಷರ ಆಡಲಿಲ್ಲ. ಅಷ್ಟು ತಾಳ್ಮೆಯಿಂದ ನನಗೆ ಅಲ್ಲಿಯವರೆಗೆ ಯಾರೂ ಕೋಡ್ ಬಗ್ಗೆ ಹೇಳಿಕೊಟ್ಟಿರಲಿಲ್ಲ. ರಿಚರ್ಡ್ ಸ್ಟಾಲ್‌ಮನ್ ಗ್ನೂ ಅನ್ನುವ ಮುಕ್ತ ಆಪರೇಟಿಂಗ್ ಸಿಸ್ಟಂನ ಕೆಲಸ ಶುರು ಮಾಡುತ್ತೇನೆ ಅಂತ ಸಾರಿದ್ದು 1983ರಲ್ಲಿ, ನಾನು ಹುಟ್ಟುವ ಮೊದಲೇ. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್, ಉಬುಂಟುವಿನ ತಿರುಳಾದ ಲಿನಕ್ಸ್ ಹೊರಗೆ ಬಿಟ್ಟಾಗ, 1991ರಲ್ಲಿ, ನಾನು ಒಂದು ವರ್ಷದ ಕೂಸು. ಅವರೆಲ್ಲ ಹಾಕಿಟ್ಟ ದಾರಿ ದೊಡ್ಡದೇ. ನನ್ನ ಕೈ ಹಿಡಿದು ಆ ದಾರಿಗೆ ಹತ್ತಿಸಿದ್ದು ಮಾತ್ರ ಈ ನಾಲ್ಕು ಪ್ಯಾರಾ.

ಈಗ ಲಕ್ಷ್ಮೀದೇವಮ್ಮನ ವಿಷಯ. ನಮ್ಮ ಕಡೆ ಊರಿಗೆ ನಾಲ್ಕು ಜನಕ್ಕೆ ಈ ಹೆಸರಿರುತ್ತೆ.

2014ರಲ್ಲಿ ಡೈರಿಗೆ ಅಂತ ಕನ್ನಡದಲ್ಲಿ ಬಟವಾಡೆ ಚೀಟಿ ಬರುವ ಒಂದು ಪ್ರೋಗ್ರಾಂ ಬರೆದುಕೊಟ್ಟೆ. ಹಳೇ ದಾಖಲೆಗಳೆಲ್ಲ ನುಡಿ ಫಾಂಟಿನಲ್ಲಿದ್ದವು. ಅದನ್ನು, ಒಂದೊಂದು ಅಕ್ಷರ ಗುರುತಿಗೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್‌ಗೆ ತರಲು ಕನ್ನಡದ ಗೆಳೆಯರು ಮೊದಲೇ ಪರಿವರ್ತಕ ಬರೆದು ಮುಕ್ತವಾಗಿ ಇಟ್ಟಿದ್ದರು. ಅದಿಲ್ಲದಿದ್ದರೆ ತಿಂಗಳುಗಟ್ಟಲೆ ಟೈಪ್ ಮಾಡಬೇಕಿತ್ತು. ಚೀಟಿ ಸಣ್ಣದು, ಆದ್ದರಿಂದ ಹೆಸರಿಗೆ 12ರ ಮಿತಿ ಹಾಕಿದ್ದೆ. ಮೊದಲ ಬಟವಾಡೆ ದಿನ ಒಬ್ಬರು ಅಜ್ಜಿ ಚೀಟಿ ಹಿಡಿದು ಬಂದರು. ಅವರಿಗೆ ಓದಲು ಬರುತ್ತಿದ್ದದ್ದೇ ತಮ್ಮ ಹೆಸರು ಮಾತ್ರ. ಚೀಟಿಯಲ್ಲಿ 'ಲಕ್ಷ್ಮೀದೇವಮ್' ಅಂತಿತ್ತು.

"ಕೊನೇ ಮ ಎಲ್ಲಮ್ಮಾ ನಂದು?"

ನಮ್ಮ ಕಣ್ಣಿಗೆ ಲಕ್ಷ್ಮೀದೇವಮ್ಮ ಅಂದರೆ ಐದು ಅಕ್ಷರ. ಯುನಿಕೋಡ್ ಎಣಿಕೆಯಲ್ಲಿ 13 ತುಂಡು. 'ಕ್ಷ್ಮೀ' ಒಂದರಲ್ಲೇ ಆರು ತುಂಡು: ಕ, ಹಲಂತ (ಸ್ವರ ತೆಗೆಯುವ ಗುರುತು), ಷ, ಹಲಂತ, ಮ, ದೀರ್ಘದ ಗುರುತು. ನಾನು ಹನ್ನೆರಡಕ್ಕೆ ಕತ್ತರಿಸಿದಾಗ ಹೋದದ್ದು ಆ ಕೊನೆಯ ಮ. ಆಗ ಸಿಗುತ್ತಿದ್ದ ಸಿದ್ಧ ವಿಧಾನಗಳನ್ನೂ ನೋಡಿದೆ. ಯುನಿಕೋಡ್‌ನ ಸಾಮಾನ್ಯ ನಿಯಮ 'ಕ್ಷ್ಮೀ' ಅನ್ನು ಮೂರಾಗಿ ಒಡೆಯುತ್ತಿತ್ತು.

ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ನೆನಪಾದದ್ದು ಒಂದನೇ ಕ್ಲಾಸಿನ ನಮ್ಮ ಟೀಚರ್. ಅವರು ಅಕ್ಷರ ಎಣಿಸಲು ಚಪ್ಪಾಳೆ ಹೊಡೆಸುತ್ತಿದ್ದರು. ಲ, ಕ್ಷ್ಮೀ, ದೇ, ವ, ಮ್ಮ. ಐದು ಚಪ್ಪಾಳೆ. ಒತ್ತು ಬಂದರೆ ಕೈ ಬಿಡಬೇಡಿ, ಮೇಲಿನ ಅಕ್ಷರದ ಜೊತೆಗೇ ಹೇಳಿ ಅನ್ನುತ್ತಿದ್ದರು. ನಿಯಮ ಅಷ್ಟೇ ಅಲ್ವಾ? ವ್ಯಂಜನ ಆದ ಮೇಲೆ ಹಲಂತ ಬಂದು, ಅದಾದ ಮೇಲೆ ಇನ್ನೊಂದು ವ್ಯಂಜನ ಬಂದರೆ ಅದು ಒತ್ತು, ಬೇರೆ ಮಾಡಬೇಡ. ಕಾಗುಣಿತದ ಗುರುತು ಬಂದರೆ ಅದನ್ನೂ ಸೇರಿಸಿಕೋ. ನಲವತ್ತು ಸಾಲು ಕೋಡ್ ಆಯಿತು. ಆ ಫಂಕ್ಷನ್‌ಗೆ 'ಚಪ್ಪಾಳೆ' ಅಂತಲೇ ಹೆಸರಿಟ್ಟೆ. ಟೀಚರ್, ಎಲ್ಲೆಲ್ಲಿಯೋ ಇರುವ ಕಂಪ್ಯೂಟರುಗಳಲ್ಲಿ ಈಗ ನಿಮ್ಮ ಪಾಠ ನಡೆಯುತ್ತಿದೆ.

ಮುಂದಿನ ಬಟವಾಡೆಯಲ್ಲಿ ಅಜ್ಜಿಯ ಹೆಸರು ಪೂರ್ತಿ ಬಂತು. ಅವರು ಬೆರಳಿಟ್ಟು ಕೊನೆಯವರೆಗೂ ಓದಿದರು. ಆ ವಾರವೇ ಕೋಡನ್ನು ಎಲ್ಲರಿಗೂ ಸಿಗುವ ಹಾಗೆ ಇಟ್ಟೆ.

ಇಟ್ಟ ಮೇಲೆ ಬಂದವರೆಲ್ಲ ತಪ್ಪು ಹುಡುಕಿಕೊಂಡು ಬಂದವರು. ಈ ಬರಹದಲ್ಲಿ ಅತಿ ಹೆಚ್ಚು ಥ್ಯಾಂಕ್ಸ್ ಅವರಿಗೇ. ಧಾರವಾಡದ ಒಬ್ಬರು ಮೇಷ್ಟ್ರು ಫಲಿತಾಂಶದ ಪಟ್ಟಿ ಮಾಡುವಾಗ 'ರ‍್ಯಾಂಕ್' ಅನ್ನುವ ಪದ ಒಡೆದುಹೋಗುತ್ತಿದೆ ಅಂತ ಬರೆದರು. ಸುಮ್ಮನೆ ರ, ಹಲಂತ, ಯ ಹಾಕಿದರೆ ಸೂರ್ಯನಲ್ಲಿರುವ ಹಾಗೆ ಅರ್ಕಾವತ್ತು ಬರುತ್ತೆ. ರ ಮೇಲೆಯೇ ಉಳಿದು ಯ ಒತ್ತಾಗಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಇರಬೇಕು. ನನ್ನ ಕೋಡ್ ಅದನ್ನು ಕಂಡು ಗಾಬರಿಯಾಗುತ್ತಿತ್ತು. 2019ರಲ್ಲಿ ಅದನ್ನು ಸರಿಮಾಡಿದೆ. ಕಾಣದ ಗುರುತುಗಳನ್ನೆಲ್ಲ ಎಣಿಸದೆ ದಾಟಿ ಹೋಗು ಅಂತ ಬರೆದೆ. ಈ ವಿಷಯಕ್ಕೆ ಮತ್ತೆ ಬರುತ್ತೇನೆ.

ಬಂಗಾರಪೇಟೆಯಲ್ಲಿ ಶನಿವಾರದ ಕ್ಲಾಸ್ ಶುರುವಾದದ್ದೂ ಆಗಲೇ. ಪರಿಚಯದವರೊಬ್ಬರು ಅಂಗಡಿ ಮೇಲಿನ ಕೋಣೆಯನ್ನು ಬಾಡಿಗೆ ತೆಗೆದುಕೊಳ್ಳದೆ ಬಿಟ್ಟುಕೊಟ್ಟರು. ಬರುವವರೆಲ್ಲ ಕನ್ನಡ ಮೀಡಿಯಂ ಮಕ್ಕಳು. ಕೋಡ್‌ನ ಒಂದೊಂದು ಬದಲಾವಣೆಯನ್ನೂ ದಾಖಲಿಸಿಡುವ ಗಿಟ್ ಅಂದರೆ ಏನು ಅಂತ ಹಾಲಿನ ಪುಸ್ತಕ ಇಟ್ಟುಕೊಂಡು ಹೇಳುತ್ತಿದ್ದೆ. ದಿನಕ್ಕೆ ಎರಡು ಸಲ ಬರೆಯುತ್ತೀವಿ. ಬರೆದದ್ದನ್ನು ಯಾರೂ ಹೊಡೆದು ಹಾಕುವ ಹಾಗಿಲ್ಲ. ತಪ್ಪಾಗಿದ್ದರೆ ಕೆಳಗೆ ಇನ್ನೊಂದು ಸಾಲು ಬರೆದು ಸರಿಮಾಡಬೇಕು, ಯಾರು ಬರೆದರು ಅಂತ ಸಹಿ ಇರಬೇಕು. ಕಮಿಟ್ ಅಂದರೆ ಅದೇ. ಒಂದೇ ಸಲಕ್ಕೆ ಅರ್ಥವಾಗುತ್ತಿತ್ತು ಅವರಿಗೆ. ಕ್ಲಾಸ್ ಮುಗಿದ ಮೇಲೆ ಎಲ್ಲರೂ ಸೇರಿ ಪಾನಿಪೂರಿ. ಬಂಗಾರಪೇಟೆಯಲ್ಲಿ ಇದ್ದುಕೊಂಡು ಅದನ್ನು ಬಿಡಲಾಗುತ್ತಾ!

ಆ ಕ್ಲಾಸಿಗೆ ಬರುತ್ತಿದ್ದ ಒಬ್ಬಳು ಹುಡುಗಿ, ಆಗ ಪಿಯುಸಿ, ಒಂದು ದಿನ ಪಟ್ಟಿಯೊಂದನ್ನು ತೋರಿಸಿ ಕೇಳಿದಳು. "ಅಕ್ಕಾ, ಕಾಳಮ್ಮ ಮೊದಲು ಬಂದು ಕಾವೇರಮ್ಮ ಆಮೇಲೆ ಬಂದಿದೆ. ಇದು ತಪ್ಪಲ್ವಾ? ನಮ್ಮ ಅಕ್ಷರಮಾಲೆಯಲ್ಲಿ ಳ ಕೊನೇಲಿ ತಾನೇ ಬರೋದು?" ನಿಜ. ಯುನಿಕೋಡ್‌ನ ಸಂಖ್ಯೆಗಳ ಸಾಲಿನಲ್ಲಿ ಲ ಆದ ತಕ್ಷಣ ಳ ಕೂತಿದೆ, ವ ಆಮೇಲೆ. ಸುಮ್ನೆ ಸಂಖ್ಯೆ ನೋಡಿ ಜೋಡಿಸಿದರೆ ನಿಘಂಟಿನ ಕ್ರಮ ತಪ್ಪುತ್ತೆ. ಅಷ್ಟು ವರ್ಷ ನಾನು ಗಮನಿಸಿರಲಿಲ್ಲ. ವರ್ಣಮಾಲೆಯ ಪ್ರಕಾರ ಜೋಡಿಸುವ ಭಾಗವನ್ನು ನಾವಿಬ್ಬರೂ ಕೂತು ಬರೆದೆವು. ಹೆಚ್ಚು ಬರೆದದ್ದು ಅವಳೇ.

2023ರಲ್ಲಿ ನನ್ನ ಕೆಲಸ ಹೋಯಿತು. ಒಂದು ವಿಡಿಯೋ ಕಾಲ್, ಹನ್ನೆರಡು ನಿಮಿಷ. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಅಪ್ಪನಿಗೆ ಹೇಳಲು ಎರಡು ವಾರ ಬೇಕಾಯಿತು. ಹೇಳಿದಾಗ ಅವರು, "ಹಸು ಕರೀತಾ ಇದೆ, ಊಟ ಇದೆ, ಮಲಗು" ಅಂದರು. ನಾಲ್ಕು ತಿಂಗಳು ಪ್ರಾಜೆಕ್ಟ್ ಕಡೆ ತಲೆ ಹಾಕಲಿಲ್ಲ. ಆಗ ಬಂದ ತಿದ್ದುಪಡಿಗಳನ್ನೆಲ್ಲ ನೋಡಿಕೊಂಡವಳು ಆ ಹುಡುಗಿ. ನಾನು ಕೇಳಿಕೊಂಡಿರಲಿಲ್ಲ. ಧಾರವಾಡದ ಮೇಷ್ಟ್ರು ವಾರಕ್ಕೊಮ್ಮೆ ಫೋನ್ ಮಾಡಿ ಕೆಲಸದ ಸುದ್ದಿ ಎತ್ತದೆ ಮಳೆ ಬೆಳೆ ಮಾತಾಡುತ್ತಿದ್ದರು. ಲೈಬ್ರರಿ ಬಳಸುತ್ತಿದ್ದ ಮೂರು ಜನ ತಮ್ಮ ತಮ್ಮ ಕಂಪನಿಗಳಲ್ಲಿ ನನ್ನ ಹೆಸರು ಹೇಳಿದರು. ಐದನೇ ತಿಂಗಳು ಒಂದು ಇಂಟರ್‌ವ್ಯೂಗೆ ಹೋದರೆ ಎದುರಿಗೆ ಕೂತವರ ಸ್ಕ್ರೀನ್ ಮೇಲೆ ನನ್ನ ಕೋಡ್ ತೆರೆದಿತ್ತು. ಅವರು ಕೇಳಿದ ಮೊದಲ ಪ್ರಶ್ನೆ, "ಇದಕ್ಕೆ ಚಪ್ಪಾಳೆ ಅಂತ ಯಾಕೆ ಹೆಸರಿಟ್ಟಿರಿ?" ನಾನು ಇಂಗ್ಲಿಷಿನಲ್ಲೇ ಹೇಳಲು ಶುರು ಮಾಡಿದೆ, ನಡುವೆ ಕನ್ನಡಕ್ಕೆ ಬಂದುಬಿಟ್ಟೆ, ಅವರೂ ಬಂದರು. ಟೀಚರ್ ಕಥೆ ಪೂರ್ತಿ ಕೇಳಿದರು. ಆ ಕೆಲಸದಲ್ಲೇ ಈಗಲೂ ಇದ್ದೀನಿ.

ಪ್ರಾಜೆಕ್ಟ್ ಈಗ ಅವಳದು. ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಶನಿವಾರದ ಕ್ಲಾಸ್ ನನ್ನದೇ ಇರುತ್ತೆ, ಅದನ್ನು ಬಿಡುವ ಮನಸ್ಸಿಲ್ಲ.

ಸೋಮವಾರ ಬೆಳಿಗ್ಗೆ ರೈಲಿನಲ್ಲಿ ಫೋನ್ ತೆಗೆದರೆ, ನನ್ನನ್ನು ಕೇಳದೆ ಅವಳು ಸೇರಿಸಿದ ಮೊದಲ ಬದಲಾವಣೆ ಕಾಣಿಸಿತು. 2019ರಲ್ಲಿ ಕಾಣದ ಗುರುತುಗಳನ್ನೆಲ್ಲ ದಾಟಿ ಹೋಗು ಅಂತ ಬರೆದಿದ್ದೆನಲ್ಲ, ತಪ್ಪು ಅಲ್ಲಿತ್ತು. 'ರ‍್ಯಾಂಕ್'ನಲ್ಲಿರುವ ಗುರುತು ಜೋಡಿಸುವಂಥದ್ದು. 'ಡಾಕ್ಟರ್‌ಗೆ' ಅಂತ ಬರೆಯುವಾಗ ರ್ ಮತ್ತು ಗೆ ನಡುವೆ ಹಾಕುವುದು ಬೇರೆ ಮಾಡುವಂಥದ್ದು. ನಾನು ಎರಡನ್ನೂ ಒಂದೇ ಅಂತ ತಿಳಿದು, ಬೇರೆ ಇರಬೇಕಾದ ಎರಡು ಅಕ್ಷರಗಳನ್ನು ಒಂದು ಮಾಡಿಬಿಟ್ಟಿದ್ದೆ. ಅವಳು ಅದನ್ನು ಸರಿಮಾಡಿ, ಟೆಸ್ಟ್ ಸೇರಿಸಿ, ಕೆಳಗೆ ಒಂದು ಸಾಲು ಬರೆದಿದ್ದಳು: "ಡಾಕ್ಟರ್‌ಗೆ, ನಾಲ್ಕು ಚಪ್ಪಾಳೆ."

ಟೇಕಲ್ ದಾಟುತ್ತಿತ್ತು. ಮೆಲ್ಲಗೆ ಕೈ ತಟ್ಟಿ ನಾನೂ ಎಣಿಸಿದೆ. ಡಾ, ಕ್ಟ, ರ್, ಗೆ. ಸರಿಯಾಗಿತ್ತು.